ಕಾರ್ಬನ್ ಮೊನಾಕ್ಸೈಡ್ ಡಿಟೆಕ್ಟರ್ ಬೀಪ್ ಅನ್ನುತ್ತಿದೆ, ಏನು ಮಾಡಬೇಕು?

ಅಮೆರಿಕದ ಮನೆಯಲ್ಲಿ ಡಿಟೆಕ್ಟರ್ ಆಗಾಗ ಕೂಗುತ್ತದೆ, ಬ್ಯಾಟರಿ ತೆಗೆದಿಟ್ಟರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಮೊದಲು ಬೀಪ್ ಎಣಿಸಿ.

ನಾಲ್ಕು ಬೀಪ್, ಸ್ವಲ್ಪ ಬಿಡುವು, ಮತ್ತೆ ನಾಲ್ಕು ಬಂದರೆ ಅಪಾಯ ಇದೆ ಅಂತಲೇ ತಿಳಿಯಿರಿ. ಕಾರ್ಬನ್ ಮೊನಾಕ್ಸೈಡ್ ಅನ್ನುವ ಈ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಬಿಡುತ್ತದೆ, ಹಾಗಾಗಿ ಎಲ್ಲಿಂದ ಬರ್ತಿದೆ ಅಂತ ಒಳಗೇ ಹುಡುಕುತ್ತಾ ಕೂರದೆ ಮಕ್ಕಳು, ಹಿರಿಯರನ್ನೆಲ್ಲ ಕರೆದುಕೊಂಡು ತಕ್ಷಣ ಹೊರಗೆ ಬಂದು ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ಯಾರಿಗಾದರೂ ತಲೆನೋವು, ವಾಕರಿಕೆ, ತಲೆಸುತ್ತು ಇದ್ದರೆ ಅದನ್ನೂ ಹೇಳಿ. ಎಷ್ಟೇ ಚಳಿ ಇರಲಿ, ಅಗ್ನಿಶಾಮಕದವರು ಅಳೆದು ನೋಡಿ ಸರಿ ಅನ್ನುವವರೆಗೂ ಒಳಗೆ ಹೋಗಬೇಡಿ. ಕಿಟಕಿ ತೆರೆದಾಗ ಸದ್ದು ನಿಲ್ಲಬಹುದು, ಆದರೆ ಮನೆ ಬಿಸಿ ಮಾಡುವ ಫರ್ನೇಸ್ ಕೆಟ್ಟು ಅನಿಲ ಬರುತ್ತಿದ್ದರೆ ಅದು ಹಾಗೇ ಇರುತ್ತದೆ ಅಲ್ವಾ?

ನಿಮಿಷಕ್ಕೊಂದು ಸಲ ಒಂದೇ ಸಣ್ಣ ಬೀಪ್ ಬಂದರೆ ಸಾಮಾನ್ಯವಾಗಿ ಬ್ಯಾಟರಿ ಮುಗಿದಿರುತ್ತದೆ. ಹೊಸದು ಹಾಕಿದರೂ ನಿಲ್ಲದಿದ್ದರೆ ಹಿಂಬದಿಯ ತಾರೀಖು ನೋಡಿ. ಸೆನ್ಸರ್ ಸುಮಾರು 5ರಿಂದ 10 ವರ್ಷ ಬಾಳುತ್ತದೆ, ಆಮೇಲೆ ಇಡೀ ಡಿಟೆಕ್ಟರನ್ನೇ ಬದಲಿಸಬೇಕು. ಹೊಗೆಯನ್ನೂ ಪತ್ತೆ ಮಾಡುವ ಡಿಟೆಕ್ಟರ್ ಆದರೆ, ಮೂರು ಬೀಪ್ ಬೆಂಕಿಯ ಎಚ್ಚರಿಕೆ.