ಕೋಟಿಗಟ್ಟಲೆ ಸಂಬಳದ ಹಿರಿಯ ಐಸ್ ಹಾಕಿ ಆಟಗಾರ ಫಾರ್ಮ್ ಕಳೆದುಕೊಂಡರೆ ಮತ್ತೆ ಏಳುತ್ತಾರಾ?

ನೀವು ಕೇಳಿದ್ದು ಕ್ಯಾಲ್ಗರಿ ಫ್ಲೇಮ್ಸ್ ತಂಡದ ಜೊನಾಥನ್ ಹ್ಯೂಬರ್ಡೋ ಬಗ್ಗೆ. ವರ್ಷಕ್ಕೆ 1.05 ಕೋಟಿ ಡಾಲರ್ ತೆಗೆದುಕೊಳ್ಳುವವರು ಹಳೆಯ ಲಯಕ್ಕೆ ಬರುತ್ತಾರಾ, ಇಲ್ಲ ತಂಡ ಅವರನ್ನು ಕಳಿಸಿಬಿಡೋದೇ ವಾಸಿಯಾ ಅಂತ. ನನ್ನ ಪ್ರಕಾರ ಇಂಥವರು ಏಳಬಹುದು. ಆದರೆ ಬಿದ್ದದ್ದು ಯಾಕೆ ಅನ್ನೋದನ್ನು ಮೊದಲು ನೋಡಬೇಕು. ಸಂಬಳ ನೋಡಿ ಬೈಯೋದು ಸುಲಭ.

ಸಂಬಳಕ್ಕೆ ಇಷ್ಟು ಗಲಾಟೆ ಯಾಕೆ ಅಂದರೆ, ಇವರು ಆಡುವ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಪ್ರತಿ ತಂಡದ ಸಂಬಳದ ಖರ್ಚಿಗೂ ಒಂದು ಮಿತಿ ಇದೆ. ಐಪಿಎಲ್ ಹರಾಜಿನ ಪರ್ಸ್ ಇದ್ದ ಹಾಗೆ. ಒಬ್ಬರಿಗೆ ಜಾಸ್ತಿ ಕೊಟ್ಟರೆ ಉಳಿದವರಿಗೆ ಕಡಿಮೆ. 2023-24ರಲ್ಲಿ ಆ ಮಿತಿ 8.35 ಕೋಟಿ ಡಾಲರ್ ಇತ್ತು. ಅಂದರೆ ಎಂಟರಲ್ಲಿ ಒಂದು ಪಾಲು ಹ್ಯೂಬರ್ಡೋ ಒಬ್ಬರಿಗೇ.

ಅವರು 2021-22ರಲ್ಲಿ ಫ್ಲಾರಿಡಾ ಪ್ಯಾಂಥರ್ಸ್‌ಗೆ ಆಡುತ್ತಾ 115 ಪಾಯಿಂಟ್ ಗಳಿಸಿದ್ದರು. ಗೋಲಿಗೊಂದು, ಗೋಲಿಗೆ ಪಾಸ್ ಕೊಟ್ಟದ್ದಕ್ಕೊಂದು, ಹಾಗೆ ಲೆಕ್ಕ. ಅದರಲ್ಲಿ 30 ಮಾತ್ರ ಗೋಲು, 85 ಅಸಿಸ್ಟ್. 2022ರ ಜುಲೈನಲ್ಲಿ ತನ್ನ ಸ್ಟಾರ್ ಫಾರ್ವರ್ಡ್ ಮ್ಯಾಥ್ಯೂ ಕಚಕ್‌ರನ್ನು ಫ್ಲಾರಿಡಾಗೆ ಬಿಟ್ಟುಕೊಟ್ಟ ಕ್ಯಾಲ್ಗರಿ ಇವರನ್ನು ಪಡೆಯಿತು. ಒಂದು ಪಂದ್ಯವೂ ಆಡಿಸದೆ ಎಂಟು ವರ್ಷಕ್ಕೆ 8.4 ಕೋಟಿ ಡಾಲರಿನ ಒಪ್ಪಂದ ಮಾಡಿತು. ಮರು ಸೀಸನ್‌ನಲ್ಲಿ 55 ಪಾಯಿಂಟ್. ಒಂದೇ ವರ್ಷದಲ್ಲಿ 60 ಕುಸಿತ! ಅದರಾಚೆಗೆ 52.

ಆಗ ಅವರಿಗೆ ಮೂವತ್ತರ ಆಸುಪಾಸು. ಅಷ್ಟಕ್ಕೇ ಕೈ ಕಾಲು ಬಿದ್ದುಹೋಗಲ್ಲ. 85 ಅಸಿಸ್ಟ್ ಅಂದರೆ 85 ಸಲ ಬೇರೆ ಯಾರೋ ಗೋಲು ಹೊಡೆದಿದ್ದಾರೆ ಅಂತ, ಅಲ್ವಾ? ಫ್ಲಾರಿಡಾದಲ್ಲಿ ಬಾರ್ಕೊವ್ ಅಂಥ ಗೋಲು ಹೊಡೆಯುವವರಿದ್ದರು, ತಂಡ ವೇಗವಾಗಿ ನುಗ್ಗುತ್ತಿತ್ತು. ಕ್ಯಾಲ್ಗರಿಯಲ್ಲಿ ಅಂಥ ಸ್ಟಾರ್‌ಗಳಾದ ಜಾನಿ ಗಾಡ್ರೋ, ಕಚಕ್ ಇಬ್ಬರೂ ಒಂದೇ ಬೇಸಿಗೆಯಲ್ಲಿ ತಂಡ ಬಿಟ್ಟು ಹೋಗಿದ್ದರು. ಕೋಚ್ ಡ್ಯಾರಿಲ್ ಸಟರ್ ಅವರದು ಬಿಗಿಯಾದ, ರಕ್ಷಣೆ ಮೊದಲು ಅನ್ನೋ ಆಟ. ಪಾಸ್ ಕೊಟ್ಟು ಬದುಕುವವರನ್ನು ಇದಕ್ಕಿಂತ ತಪ್ಪು ಜಾಗಕ್ಕೆ ತಂದು ಕೂರಿಸೋಕೆ ಆಗಲ್ಲ. ಕೋಚ್ ಬದಲಾದ ಎರಡನೇ ಸೀಸನ್, 2024-25ರಲ್ಲಿ, ಅವರು 28 ಗೋಲು ಹೊಡೆದರು, ಒಟ್ಟು 62 ಪಾಯಿಂಟ್. ಇದನ್ನು ಚೇತರಿಕೆ ಅಂತಲೇ ಕರೆಯುತ್ತೇನೆ. ಆದರೆ 115ರ ಆಟಗಾರ ವಾಪಸ್ ಬಂದ ಅಂತ ಹೇಳಲ್ಲ. ಆ 115 ಅವರೊಬ್ಬರದೇ ಆಗಿರಲೂ ಇಲ್ಲ.

ನಿಜವಾಗಿ ಎದ್ದು ನಿಂತವರು ಬೇಕಾದರೆ ಸೆರ್ಗೆಯ್ ಬೊಬ್ರೊವ್‌ಸ್ಕಿಯನ್ನು ನೋಡಿ. ಗೋಲ್‌ಕೀಪರ್. 2019ರಲ್ಲಿ ಫ್ಲಾರಿಡಾ ಏಳು ವರ್ಷಕ್ಕೆ 7 ಕೋಟಿ ಡಾಲರ್ ಕೊಟ್ಟು ತಂದಿತು. ಆಗಲೇ ಮೂವತ್ತು ದಾಟುವ ಹೊತ್ತು. ಮೊದಲ ಸೀಸನ್‌ನಲ್ಲಿ ಅವರು ತಡೆದದ್ದು ನೂರಕ್ಕೆ 90 ಹೊಡೆತ. ಕೇಳೋಕೆ ಚೆನ್ನಾಗಿದೆ, ಈ ಲೀಗ್‌ನಲ್ಲಿ ಅದು ಕಳಪೆ. ಮೇಲಿಂದ ಕೋವಿಡ್ ಬಂದು ಖರ್ಚಿನ ಮಿತಿ ಏರದೆ ನಿಂತುಬಿಟ್ಟಿತು, ಆ ಒಪ್ಪಂದ ಇನ್ನೂ ಭಾರವಾಯಿತು. 2021ರ ಪ್ಲೇಆಫ್‌ನಲ್ಲಿ ಅವರನ್ನು ಕೂರಿಸಿ 20 ವರ್ಷದ ಸ್ಪೆನ್ಸರ್ ನೈಟ್‌ಗೆ ಗೋಲು ಕಾಯೋಕೆ ಕೊಟ್ಟರು. 2023ರಲ್ಲೂ ಪ್ಲೇಆಫ್ ಶುರುವಾದಾಗ ಇವರು ಬೆಂಚಿನಲ್ಲೇ. ಅಲೆಕ್ಸ್ ಲಯಾನ್ ಆಡುತ್ತಿದ್ದರು.

ಎದುರಿಗೆ ಆ ಸೀಸನ್‌ನಲ್ಲಿ 65 ಪಂದ್ಯ ಗೆದ್ದು ದಾಖಲೆ ಮಾಡಿದ್ದ ಬಾಸ್ಟನ್. ಬೊಬ್ರೊವ್‌ಸ್ಕಿ ಮೂರನೇ ಪಂದ್ಯದ ನಡುವೆ ಇಳಿದರು, ನಾಲ್ಕನೆಯದರಲ್ಲಿ ಸೋತರು. ಏಳು ಪಂದ್ಯದ ಸರಣಿಯಲ್ಲಿ ಫ್ಲಾರಿಡಾ 1-3 ಹಿಂದೆ. ಅಲ್ಲಿಂದ ಸಾಲಾಗಿ ಮೂರು ಪಂದ್ಯ ಗೆದ್ದರು! ಮುಂದೆ ಕ್ಯಾರೊಲಿನಾ ಮೇಲೆ ನಾಲ್ಕನೇ ಓವರ್‌ಟೈಮ್‌ವರೆಗೆ ಎಳೆದ ಒಂದೇ ಪಂದ್ಯದಲ್ಲಿ 63 ಹೊಡೆತ ತಡೆದರು. ಫೈನಲ್‌ನಲ್ಲಿ ವೇಗಸ್‌ಗೆ ಸೋತರೂ, 2024 ಮತ್ತು 2025ರಲ್ಲಿ ಲೀಗ್ ಚಾಂಪಿಯನ್‌ಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿದರು. ಮೊದಲ ಕಪ್ ಹೊತ್ತಿಗೆ ವಯಸ್ಸು 35. ಅವರ ಮುಂದಿನ ಡಿಫೆನ್ಸ್ ಆ ವರ್ಷಗಳಲ್ಲಿ ತುಂಬಾ ಗಟ್ಟಿಯಾಗಿತ್ತು, ಅದನ್ನೂ ಸೇರಿಸಿ ಹೇಳಬೇಕು. ಗೋಲ್‌ಕೀಪರ್‌ಗೆ ವಯಸ್ಸು ಸ್ವಲ್ಪ ರಿಯಾಯಿತಿಯನ್ನೂ ಕೊಡುತ್ತೆ. ನಿಲ್ಲುವ ಜಾಗ, ಆಟ ಓದುವ ಕಣ್ಣು ಇದ್ದರೆ ಕಾಲಿನ ವೇಗ ಸ್ವಲ್ಪ ಕಮ್ಮಿಯಾದರೂ ನಡೆಯುತ್ತೆ. ಫಾರ್ವರ್ಡ್‌ಗೆ ಹಾಗಲ್ಲ.

ಇನ್ನು ಕಳಿಸಿಬಿಡೋ ವಿಷಯ. ಬೈಔಟ್ ಅಂದರೆ ಒಪ್ಪಂದವನ್ನು ಮಧ್ಯದಲ್ಲೇ ಮುಗಿಸಿ, ಬಾಕಿ ಸಂಬಳದಲ್ಲಿ ಮೂರನೇ ಎರಡು ಭಾಗವನ್ನು, ಉಳಿದ ವರ್ಷಗಳ ಎರಡರಷ್ಟು ಕಾಲ ಕೊಡುತ್ತಾ ಹೋಗೋದು. ಬೋನಸ್ ರೂಪದ ಹಣಕ್ಕೆ ಆ ರಿಯಾಯಿತಿಯೂ ಇಲ್ಲ. ಫಾರ್ವರ್ಡ್ ಜೇಮ್ಸ್ ನೀಲ್ ಕಥೆ ಕೇಳಿ. ಮೊದಲ ಹತ್ತು ಸೀಸನ್ ಪ್ರತಿ ಸಲ 20ಕ್ಕಿಂತ ಕಡಿಮೆ ಗೋಲು ಹೊಡೆಯದವರು 2018-19ರಲ್ಲಿ ಕ್ಯಾಲ್ಗರಿಗೆ ಬಂದು ಹೊಡೆದದ್ದು 7. ಎಡ್ಮಂಟನ್‌ಗೆ ಹೋಗಿ 55 ಪಂದ್ಯದಲ್ಲಿ 19 ಹೊಡೆದು ಎದ್ದರು ಅನ್ನಿಸಿದರು, ಮತ್ತೆ ಬಿದ್ದರು. 2021ರಲ್ಲಿ ಎಡ್ಮಂಟನ್ ಬೈಔಟ್ ಮಾಡಿತು. ಆಮೇಲೆ 2024-25ರವರೆಗೂ ವರ್ಷಕ್ಕೆ 19 ಲಕ್ಷ ಡಾಲರ್ ಅವರ ಹೆಸರಲ್ಲೇ ತಂಡದ ಖರ್ಚಿನ ಮಿತಿಯ ಲೆಕ್ಕದಲ್ಲಿ ಕೂತಿತ್ತು. ಅದೇ ಎಡ್ಮಂಟನ್ 2024ರಲ್ಲೂ 2025ರಲ್ಲೂ ಫೈನಲ್ ಸೋತಿತು. ಎರಡೂ ಸಲ ಎದುರು ಗೋಲು ಕಾಯುತ್ತಿದ್ದದ್ದು ಬೊಬ್ರೊವ್‌ಸ್ಕಿ.