ಹವಾಲ್ದಾರ್ ಬರೀ ಚಹಾ ತರುತ್ತಾನಾ?

ನಮಸ್ಕಾರ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಗಡಿ ಠಾಣೆ, ಹಿಮ, ರಾತ್ರಿ ದಾಳಿ, 25ರ ಹರೆಯದ ಕ್ಯಾಪ್ಟನ್. ಭಾಷೆ ಸಲೀಸಾಗಿದೆ. ಆದರೆ ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ.

ತಕರಾರು ನಿಮ್ಮ ಹವಾಲ್ದಾರ್ ಬಗ್ಗೆ. 14 ಪುಟದಲ್ಲಿ ಆತ ಬರುವುದು ಎರಡೇ ಸಲ. ಒಮ್ಮೆ ಚಹಾ ತರುತ್ತಾನೆ, ಇನ್ನೊಮ್ಮೆ 'ಜೀ ಸಾಬ್' ಅನ್ನುತ್ತಾನೆ. ಕಾವಲಿಗೆ ಜನ ಹಂಚುವುದು, ಬಂದೂಕು ಪರೀಕ್ಷಿಸುವುದು, ಹೆದರಿದ ಹುಡುಗನಿಗೆ ಧೈರ್ಯ ಹೇಳುವುದು, ಎಲ್ಲವೂ ಕ್ಯಾಪ್ಟನ್ನೇ. ಅದು ಹವಾಲ್ದಾರ್, ಅವನ ಕೆಳಗಿನ ದರ್ಜೆಯ ನಾಯಕ್‌ಗಳ ಕೆಲಸ ಅಲ್ವಾ? ಹತ್ತು ಜನರ ಸೆಕ್ಷನ್ ಇರುವುದು ಅವರ ಕೈಯಲ್ಲೇ. ಅಧಿಕಾರಿಗೆ ವರ್ಗವಾಗುತ್ತಿರುತ್ತದೆ. ಹವಾಲ್ದಾರ್ ಸಿಪಾಯಿಯಾಗಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದವನು. ಯಾರ ಕಾಲಲ್ಲಿ ಬೊಬ್ಬೆ ಎದ್ದಿದೆ, ಮನೆಯಿಂದ ಫೋನ್ ಬಂದ ಮೇಲೆ ಯಾರಿಗೆ ಊಟ ಸೇರುತ್ತಿಲ್ಲ ಅನ್ನುವುದು ಅವನಿಗೆ ಗೊತ್ತು.

ನಮ್ಮ ಸೋದರಮಾವ ಹವಾಲ್ದಾರ್ ಆಗಿ ನಿವೃತ್ತರಾದವರು. ಮದುವೆ ಮನೆಯಲ್ಲೂ ನಮ್ಮ ಕಡೆಯವರ ತಲೆ ಎಣಿಸದೆ ಎಲೆ ಮುಂದೆ ಕೂರುತ್ತಿರಲಿಲ್ಲ!

ನಿಜವಾಗಿ ನಡೆದ ಒಂದು ಘಟನೆ ನೋಡಿ. 1948ರ ಫೆಬ್ರವರಿ 6, ಜಮ್ಮುವಿನ ನೌಶೇರಾ ಬಳಿಯ ತೈಂಧಾರ್. ಒಂದು ಸಣ್ಣ ಕಾವಲು ಪಿಕೆಟ್‌ನಲ್ಲಿದ್ದವರು ಒಂಬತ್ತೇ ಜನ, ಅವರ ಮುಂದಾಳು ನಾಯಕ್ ಜದುನಾಥ್ ಸಿಂಗ್. ಮೊದಲ ದಾಳಿಗೆ ನಾಲ್ವರು ಗಾಯಗೊಂಡರು. ಇದ್ದವರನ್ನೇ ಮತ್ತೆ ಹೊಂದಿಸಿ ನಿಲ್ಲಿಸಿದರು. ಬ್ರೆನ್ ಗನ್ ಹಿಡಿದಿದ್ದವನಿಗೆ ಪೆಟ್ಟಾದಾಗ ತಾವೇ ಗನ್ ಹಿಡಿದರು. ಮೂರನೇ ದಾಳಿಗೆ ಒಬ್ಬರೇ ಸ್ಟೆನ್ ಗನ್ ಹಿಡಿದು ನುಗ್ಗಿದರು, ಅಲ್ಲೇ ಪ್ರಾಣ ಬಿಟ್ಟರು. ಪರಮವೀರ ಚಕ್ರ ಬಂತು. ಆ ಕೊನೆಯ ನುಗ್ಗಾಟವನ್ನು ಯಾರು ಬೇಕಾದರೂ ಬರೆಯುತ್ತಾರೆ. ನನಗೆ ಬೇಕಿರುವುದು ಎರಡು ದಾಳಿಗಳ ನಡುವಿನ ಹೊತ್ತು. ಯಾರನ್ನು ಎಲ್ಲಿ ಕೂರಿಸಿದರು, ಗಾಯಗೊಂಡವನಿಗೆ ಏನು ಹೇಳಿದರು? ಕಥೆ ಇರುವುದು ಅಲ್ಲಿ.

ಇನ್ನೊಂದು ಸಣ್ಣ ತಪ್ಪು. ನಿಮ್ಮ ಸುಬೇದಾರ್ ತೋಳಿನ ಮೇಲೆ ಮೂರು ಪಟ್ಟಿ ಹಾಕಿದ್ದೀರಿ. ಮೂರು ಪಟ್ಟಿ ಹವಾಲ್ದಾರ್‌ದು, ನಾಯಕ್‌ಗೆ ಎರಡು, ಲಾನ್ಸ್ ನಾಯಕ್‌ಗೆ ಒಂದು. ಸುಬೇದಾರ್ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್), ಅವರಿಗೆ ಭುಜದ ಮೇಲೆ ನಕ್ಷತ್ರ. ಫೌಜಿ ಓದುಗರು ಇಂಥದ್ದನ್ನು ಬಿಡುವುದಿಲ್ಲ, ಮರುದಿನವೇ ಪತ್ರ ಬರುತ್ತದೆ.

ಒಂಬತ್ತನೇ ಪುಟ ತೆಗೆಯಿರಿ. ಹೊಸ ಹುಡುಗ ನಡುಗುತ್ತಿದ್ದಾನೆ, ಕ್ಯಾಪ್ಟನ್ ಒಂದು ಪುಟ ದೇಶಭಕ್ತಿಯ ಭಾಷಣ ಮಾಡುತ್ತಾನೆ. ಭಾಷಣ ಪೂರ್ತಿ ಹೊಡೆದುಹಾಕಿ. ಹವಾಲ್ದಾರ್ ಬರಲಿ, ಹುಡುಗನ ಕೈಗವಸು ಒದ್ದೆಯಾಗಿದೆಯಾ ಅಂತ ಮುಟ್ಟಿ ನೋಡಲಿ, ತನ್ನ ಒಣ ಜೋಡಿ ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂರಲಿ. ಕ್ಯಾಪ್ಟನ್ ಆಗ ಬಂಕರ್ ಒಳಗೆ ವೈರ್‌ಲೆಸ್‌ನಲ್ಲಿ ಮಾತಾಡುತ್ತಿರಲಿ, ಅವನಿಗೂ ಕೆಲಸ ಜಾಸ್ತಿ ಇದೆ.

ತಿದ್ದಿ ಕಳಿಸಿ. 14 ಪುಟ ಹತ್ತಾದರೂ ಪರವಾಗಿಲ್ಲ.

ಸಂಪಾದಕ