ಓದುಗರ ಪ್ರಶ್ನೆ: ಊರಿಗೆ ಹೋಗಿ ಬಂದರೆ ತಂಗುದಾಣದಲ್ಲಿ ನನ್ನ ಹಾಸಿಗೆ ಇರುತ್ತದಾ?

ಪ್ರಶ್ನೆ: ನಾನು ಸಿಂದಗಿ ಕಡೆಯವನು. ಬೆಳಗಾವಿ ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತೇನೆ. ಎಂಟು ತಿಂಗಳಿಂದ ವಸತಿರಹಿತರ ತಂಗುದಾಣದಲ್ಲಿ ಮಲಗುತ್ತಿದ್ದೇನೆ. ರಾತ್ರಿ ಹತ್ತಕ್ಕೆ ಗೇಟು ಹಾಕುತ್ತಾರೆ, ಲಾರಿ ಬರುವುದು ನಡುರಾತ್ರಿ ಮೇಲೆ. ಹೋದರೆ ವಾಪಸ್ ಒಳಗೆ ಬಿಡಲ್ಲ, ಹೋಗದಿದ್ದರೆ ಕೂಲಿ ಇಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ವಿಜಯಪುರಕ್ಕೆ ಹೋಗಬೇಕು, ಮಗಳೂ ಬರುತ್ತಾಳೆ. ಐದು ದಿನ ಹೋದರೆ ಹಾಸಿಗೆ ಬೇರೆಯವರಿಗೆ ಕೊಡುತ್ತೇವೆ ಅಂತಾರೆ. ಏನು ಮಾಡಲಿ?

ಉತ್ತರ: ಅಣ್ಣಾರೇ, ಮೊದಲು ರಾತ್ರಿ ಕೆಲಸದ ಮಾತು. ಗೇಟು ಹಾಕುವುದು ಒಳಗೆ ಮಲಗಿದವರ ಕಾವಲಿಗೆ, ನಿಮ್ಮ ದುಡಿಮೆ ತಡೆಯಲಿಕ್ಕಲ್ಲ. ನಮ್ಮ ಕಡೆ ಈಗಿರುವ ತಂಗುದಾಣಗಳು ಹೆಚ್ಚಾಗಿ 2013ರಲ್ಲಿ ಶುರುವಾದ ನಗರ ಜೀವನೋಪಾಯ ಅಭಿಯಾನದ ಅಡಿ ಬಂದವು. ಕಚೇರಿಗಳಲ್ಲಿ ಅದನ್ನು ನಲ್ಮ್ ಅಂತ ಕರೆಯುತ್ತಾರೆ, ಅದರ ಅವಧಿ 2024ರಲ್ಲಿ ಮುಗಿದಿದೆ. ಅದರ ಮಾರ್ಗಸೂಚಿಯಲ್ಲಿ ತಂಗುದಾಣ ದಿನದ 24 ಗಂಟೆ, ವರ್ಷದ ಎಲ್ಲಾ ದಿನ ತೆರೆದಿರಬೇಕು ಅಂತ ಇದೆ. ಹತ್ತಕ್ಕೆ ಚಿಲಕ ಹಾಕಲಿ, ತಪ್ಪಿಲ್ಲ. ಆದರೆ ಬಾಗಿಲು ತಟ್ಟಿದರೆ ತೆಗೆಯಲು ಒಳಗೆ ಒಬ್ಬರು ಇರಲೇಬೇಕು.

ನೀವು ಮಾಡಬೇಕಾದ್ದು ಇಷ್ಟೇ. ಯಾವ ದಲಾಲಿ ಅಂಗಡಿಯ ಲಾರಿ ಇಳಿಸುತ್ತೀರೋ ಅವರಿಂದ ಒಂದು ಚೀಟಿ ತನ್ನಿ, ಇಂಥವರು ನಮ್ಮಲ್ಲಿ ರಾತ್ರಿ ಕೆಲಸಕ್ಕೆ ಬರುತ್ತಾರೆ ಅಂತ. ಹಮಾಲರ ಕಾರ್ಡ್ ಇದ್ದರೆ ಅದನ್ನೇ ತೋರಿಸಿ. ಮೇಲ್ವಿಚಾರಕರಿಗೆ ಹೇಳಿ ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರಿನ ಮುಂದೆ 'ರಾತ್ರಿ ಪಾಳಿ' ಅಂತ ಬರೆಸಿ. ಬಾಗಿಲ ಹತ್ತಿರದ ಹಾಸಿಗೆ ಕೇಳಿ, ನಸುಕಿನಲ್ಲಿ ಬಂದಾಗ ಯಾರ ನಿದ್ದೆಯೂ ಕೆಡುವುದಿಲ್ಲ. ಎಷ್ಟೋ ಜಗಳ ಶುರುವಾಗುವುದು ನಿಯಮದಿಂದಲ್ಲ, ಮೂರು ಗಂಟೆಗೆ ಲೈಟ್ ಹಾಕಿದ್ದಕ್ಕೆ.

ಇನ್ನು ಜಾತ್ರೆ. ಎಷ್ಟು ದಿನ ಹಾಸಿಗೆ ಕಾಯಬೇಕು ಅನ್ನುವುದನ್ನು ಸಾಮಾನ್ಯವಾಗಿ ಆಯಾ ಕೇಂದ್ರದವರೇ ಗೊತ್ತು ಮಾಡಿಕೊಂಡಿರುತ್ತಾರೆ. ಕೆಲವು ಕಡೆ ಒಂದು ರಾತ್ರಿ, ಕೆಲವು ಕಡೆ ಮೂರು, ಕೆಲವರು ಕೇಳಿದರೆ ವಾರ ಬಿಡುತ್ತಾರೆ. ಅವರು ಬಿಗಿ ಮಾಡುವುದಕ್ಕೂ ಕಾರಣ ಇದೆ. ಲಕ್ಷ ಜನಕ್ಕೆ ಒಂದು ತಂಗುದಾಣ, ಒಂದೊಂದರಲ್ಲಿ 50ರಿಂದ 100 ಜನ, ಇದು ಆ ಯೋಜನೆ ಇಟ್ಟಿದ್ದ ಅಳತೆ. 2011ರ ಜನಗಣತಿಯಲ್ಲೇ ಬೆಳಗಾವಿ ನಗರ ಐದು ಲಕ್ಷದ ಹತ್ತಿರ ಇತ್ತು. ಎಷ್ಟು ತಂಗುದಾಣ ಬೇಕಿತ್ತು ನೀವೇ ಲೆಕ್ಕ ಹಾಕಿ. ಹಾಸಿಗೆ ಕಮ್ಮಿ ಇದ್ದಾಗ, ಡಿಸೆಂಬರ್ ಚಳಿಯಲ್ಲಿ ಒಬ್ಬರು ಹೊರಗೆ ನಡುಗುತ್ತಾ ನಿಂತಿರುವಾಗ, ಖಾಲಿ ಹಾಸಿಗೆ ನೋಡಿಕೊಂಡು ಸುಮ್ನೆ ಕೂರುವುದು ಮೇಲ್ವಿಚಾರಕರಿಗೂ ಕಷ್ಟ, ಅಲ್ವಾ?

ಅದಕ್ಕೇ ಹೇಳುತ್ತೇನೆ, ಹೇಳಿ ಹೋಗಿ, ಬರೆಸಿ ಹೋಗಿ. ಹೋಗುವ ದಿನ, ಬರುವ ದಿನ, ಊರಿನ ಒಂದು ಫೋನ್ ನಂಬರ್, ಕೆಳಗೆ ನಿಮ್ಮ ಸಹಿ ಇಲ್ಲವೇ ಹೆಬ್ಬೆಟ್ಟು. ಸಾಧ್ಯವಾದರೆ ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ನಿಮ್ಮ ಹಾಸಿಗೆಯಲ್ಲಿ ನಾಲ್ಕು ದಿನ ಬೇರೆಯವರು ಮಲಗಲಿ, ಅಡ್ಡಿ ಇಲ್ಲ. ಬಂದ ದಿನ ನಿಮ್ಮದು ನಿಮಗೆ ಅಂತ ಮೊದಲೇ ಮಾತಾಗಿರಲಿ. ಟ್ರಂಕಿಗೆ ಕೀಲಿ ಹಾಕಿ ಮೇಲೆ ಹೆಸರು ಅಂಟಿಸಿ. ದುಡ್ಡು, ಆಧಾರ್, ಪಾಸ್‌ಬುಕ್ ಮಾತ್ರ ಅಲ್ಲಿ ಬಿಡಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಕೆಲವು ವರ್ಷ ಇಂಥದ್ದೇ ಒಂದು ಕೇಂದ್ರದಲ್ಲಿ ರಾತ್ರಿ ರಿಜಿಸ್ಟರ್ ಬರೆಯುತ್ತಿದ್ದೆ. ಒಬ್ಬ ಕಾಕಾ ಸಂಜೆ ಗುಳಿಗೆ ತರುತ್ತೇನೆ ಅಂತ ಹೋದವರು ಬರಲಿಲ್ಲ. 'ಹೊರಗೆ' ಕಾಲಂನಲ್ಲಿ 6.40 ಅಂತ ನಾನೇ ಬರೆದಿದ್ದೆ, 'ಒಳಗೆ' ಕಾಲಂ ಖಾಲಿ. ಎರಡು ರಾತ್ರಿ ಕಾದೆವು. ಮೂರನೇ ರಾತ್ರಿ ಅವರ ಹಾಸಿಗೆ ಇನ್ನೊಬ್ಬರಿಗೆ ಕೊಟ್ಟು, ಅವರ ಕೌದಿ ಮಡಚಿ ಚೀಲದ ಜೊತೆ ಸ್ಟೋರ್ ರೂಮಿಗೆ ಹಾಕಿದೆವು. ಒಂಬತ್ತನೇ ದಿನ ಬಂದರು. ಜೇಬಿನಲ್ಲಿ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಕೈಮೇಲೆ ಸಲೈನ್ ಹಾಕಿದ ಪಟ್ಟಿ ಇನ್ನೂ ಇತ್ತು. ತಮ್ಮ ಜಾಗದಲ್ಲಿ ಬೇರೆಯವರ ಚಾದರ ನೋಡಿ ಏನೂ ಮಾತಾಡದೆ ಮೆಟ್ಟಿಲ ಮೇಲೆ ಕೂತರು. ಅವರ ಊರಿನ ನಂಬರ್ ನಮ್ಮ ಹತ್ತಿರ ಇರಲಿಲ್ಲ, ನಾವು ಆಸ್ಪತ್ರೆಯಲ್ಲಿ ವಿಚಾರಿಸಿರಲಿಲ್ಲ, ಪೊಲೀಸರಿಗೂ ತಿಳಿಸಿರಲಿಲ್ಲ. ತಪ್ಪು ನಮ್ಮದೇ. ಅಂದಿನಿಂದ ಯಾರೇ ಹೊರಟರೂ "ಎಲ್ಲಿ ಹೊಂಟೀರಿ ಕಾಕಾ, ಯಾವಾಗ ಬರ್ತೀರಿ?" ಅಂತ ಕೇಳಿಯೇ ಬರೆಯುತ್ತಿದ್ದೆ. ಕೆಲವರಿಗೆ ಸಿಟ್ಟು ಬರುತ್ತಿತ್ತು, ಇವನಿಗ್ಯಾಕೆ ಬೇಕು ಅಂತ. ನಿಮ್ಮನ್ನೂ ಯಾರಾದರೂ ಹಾಗೆ ಕೇಳಿದರೆ ಸಿಟ್ಟಾಗಬೇಡಿ.

ಇನ್ನೊಂದು ವಿಷಯ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಮನೆ ಇಲ್ಲದವರೂ ವೋಟರ್ ಲಿಸ್ಟಿಗೆ ಸೇರಬಹುದು, ವಿಳಾಸದ ದಾಖಲೆ ಬೇಕಿಲ್ಲ. ನಮೂನೆ 6ರಲ್ಲಿ ನೀವು ಮಲಗುವ ಜಾಗ ಬರೆದರೆ ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಬಂದು, ನಿಜವಾಗಿ ಅಲ್ಲೇ ಮಲಗುತ್ತೀರಾ ಅಂತ ನೋಡುತ್ತಾರೆ. ಅರ್ಜಿ ಹಾಕಿದ್ದರೆ, ಅವರು ಬಂದು ನೋಡಿ ಹೋದ ಮೇಲೆ ಊರಿಗೆ ಹೊರಡಿ.

ಪ್ರಶ್ನೆ: ವಿಜಯಪುರ ಬಸ್ ಸ್ಟ್ಯಾಂಡಿನಲ್ಲಿ ಮಲಗುವ ಒಬ್ಬ ಅಜ್ಜಿಗೆ ತಂಗುದಾಣಕ್ಕೆ ಹೋಗು ಅಂದರೆ ಹೆದರುತ್ತಾಳೆ. ಒಳಗೆ ಹಾಕಿದರೆ ಹೊರಗೆ ಬಿಡಲ್ಲ ಅಂತಾಳೆ. ಆಧಾರ್ ಕಾರ್ಡೂ ಇಲ್ಲ.

ಉತ್ತರ: ಅಜ್ಜಿಯ ಹೆದರಿಕೆ ಸುಳ್ಳಲ್ಲ. ಅವಳು ಬೇರೆ ಜಾಗದ ಬಗ್ಗೆ ಹೇಳುತ್ತಿದ್ದಾಳೆ, ಅಷ್ಟೇ. ನಿರಾಶ್ರಿತರ ಪರಿಹಾರ ಕೇಂದ್ರ ಅಂತ ಒಂದಿದೆ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುತ್ತದೆ. ಭಿಕ್ಷೆ ಬೇಡುವವರನ್ನು ಹಿಡಿದು ಕರೆದೊಯ್ಯುವುದು ಅಲ್ಲಿಗೆ, ಅಲ್ಲಿಂದ ಬೇಕಾದಾಗ ಎದ್ದು ಬರಲು ಆಗುವುದಿಲ್ಲ. ಪಾಲಿಕೆಯ ವಸತಿರಹಿತರ ತಂಗುದಾಣ ಹಾಗಲ್ಲ. ಬೆಳಿಗ್ಗೆ ಹೋಗಬಹುದು, ಸಂಜೆ ಬರಬಹುದು, ಬೇಡ ಅನಿಸಿದರೆ ಬಿಡಬಹುದು. ಎರಡರ ಹೆಸರೂ ಒಂದೇ ಥರ ಕೇಳುವುದರಿಂದ ಜನ ಮಳೆಯಲ್ಲಿ ನೆನೆದರೂ ಒಳಗೆ ಬರುವುದಿಲ್ಲ. ನನಗೆ ಇದು ತುಂಬಾ ನೋವಿನ ವಿಷಯ.

ಆಧಾರ್ ಇಲ್ಲ ಅಂತ ವಾಪಸ್ ಕಳಿಸಬಾರದು. ಕಾರ್ಡ್ ಮಾಡಿಸಲು, ಪಿಂಚಣಿ ಅರ್ಜಿ ಹಾಕಲು ನೆರವಾಗುವುದೂ ತಂಗುದಾಣದವರ ಕೆಲಸವೇ. ಬರೀ ಬಾಯಿಮಾತಿನಲ್ಲಿ ಹೇಳಿದರೆ ಅಜ್ಜಿ ನಂಬಲ್ಲ. ಒಂದು ಮಧ್ಯಾಹ್ನ ನೀವೇ ಕರೆದುಕೊಂಡು ಹೋಗಿ, ಚಹಾ ಕುಡಿಸಿ, ಹೆಂಗಸರು ಮಲಗುವ ಕೋಣೆ ತೋರಿಸಿ, ವಾಪಸ್ ಬಸ್ ಸ್ಟ್ಯಾಂಡಿಗೇ ತಂದು ಬಿಡಿ. ಹೋಗಿ ಹೊರಗೆ ಬಂದದ್ದನ್ನು ಅವಳೇ ನೋಡಲಿ.

ಪ್ರಶ್ನೆ: ಬಾಗಲಕೋಟೆಯಿಂದ. ಗಂಡ ಕುಡಿದು ಬಂದ ಅಂತ ಮೊನ್ನೆ ರಾತ್ರಿ ಗೇಟಿನ ಹೊರಗೇ ನಿಲ್ಲಿಸಿದರು. ಇದು ಸರಿಯಾ?

ಉತ್ತರ: ತಂಗೀ, ಒಳಗೆ ಕುಡಿಯಬಾರದು, ಗಲಾಟೆ ಮಾಡಬಾರದು ಅನ್ನುವುದು ಸರಿಯಾದ ನಿಯಮ. ಅಲ್ಲಿ ಮಕ್ಕಳೂ ಮುದುಕರೂ ಇರುತ್ತಾರೆ. ಆದರೆ ಸುಮ್ಮನೆ ಬಂದು ಮಲಗುವವನನ್ನು ಚಳಿಗೆ ತಳ್ಳುವುದು ನನ್ನ ಪ್ರಕಾರ ತಪ್ಪು. ನಾವು ಅಂಥವರಿಗೆ ಬಾಗಿಲ ಪಕ್ಕ ಚಾಪೆ ಹಾಕಿ ಕೊಡುತ್ತಿದ್ದೆವು, ಬೈಗುಳ ಬೆಳಿಗ್ಗೆಗೆ. ಗಂಡ ಗಲಾಟೆ ಮಾಡಿರದಿದ್ದರೆ ನಗರಸಭೆಯಲ್ಲಿ ತಂಗುದಾಣ ನೋಡಿಕೊಳ್ಳುವ ವಿಭಾಗಕ್ಕೆ ಒಂದು ಅರ್ಜಿ ಬರೆದು ಕೊಡಿ, ತಾರೀಕು, ಗಂಟೆ, ಗೇಟಿನಲ್ಲಿ ಯಾರಿದ್ದರು ಎಲ್ಲಾ ಹಾಕಿ. ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಂಡೇ ಬನ್ನಿ.